ಪುಟ್ಟಿ ಎತ್ತುವ ಮುಂಚೆ: ಜೇವರ್ಗಿ ಸೀಮೆಯ ಕೋಳಿ ಸಾಕುವ ತಾಯಂದಿರಿಗೆ ಒಂದು ಬಹಿರಂಗ ಪತ್ರ

ಜೇವರ್ಗಿ, ಯಡ್ರಾಮಿ ತಾಲೂಕುಗಳಲ್ಲಿ ಜವಾರಿ ಕೋಳಿ ಸಾಕುವ ಅವ್ವಂದಿರೇ, ಅಕ್ಕ-ತಂಗಿಯರೇ,

ಈ ಪತ್ರವನ್ನು ನಿಮ್ಮಲ್ಲಿ ಎಷ್ಟು ಜನ ಕೈಯಲ್ಲಿ ಹಿಡಿದು ಓದುತ್ತೀರಿ, ಎಷ್ಟು ಜನ ರೊಟ್ಟಿ ಬಡಿಯುತ್ತಾ ಸಾಲಿಗೆ ಹೋಗುವ ಮಗಳ ಬಾಯಿಂದ ಕೇಳುತ್ತೀರಿ, ನನಗೆ ತಿಳಿಯದು. ಹೇಗಾದರೂ ಸರಿ, ಕೊನೆಯವರೆಗೆ ಕೇಳಿರಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಈ ಸೀಮೆಯ ದನದ ದವಾಖಾನೆಗಳಲ್ಲಿ ದುಡಿದವನು. ಲಸಿಕೆಯ ಐಸ್ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ನಿಮ್ಮ ಓಣಿಗಳಲ್ಲಿ ತಿರುಗಿದವನು. ಎತ್ತು ಕುಂಟಿದರೆ, ಎಮ್ಮೆ ಹಿಂಡದಿದ್ದರೆ ನಿಮ್ಮ ಮನೆಯ ಗಂಡಸರು ದವಾಖಾನೆಗೆ ಓಡಿ ಬರುತ್ತಿದ್ದರು. ಕೋಳಿ ತಂದವರನ್ನು ಮಾತ್ರ ನಾನು ನೋಡಿದ್ದು ಬಹಳ ಕಡಿಮೆ. ಕೋಳಿ ನಿಮ್ಮದು. ತತ್ತಿ ಮಾರಿದ ರೊಕ್ಕ ನಿಮ್ಮದು, ಮನೆಯಲ್ಲಿ ಯಾರೂ ಲೆಕ್ಕ ಕೇಳದ ರೊಕ್ಕ. ಹಾಗಾಗಿ ಕೋಳಿ ಸತ್ತ ಲೆಕ್ಕವನ್ನೂ ಯಾರೂ ಇಡಲಿಲ್ಲ.

ಇವತ್ತು ಒಂದೇ ಬೇನೆಯ ಮಾತು ಹೇಳುತ್ತೇನೆ. ಪುಸ್ತಕದಲ್ಲಿ ಅದರ ಹೆಸರು ಕೋಳಿ ಸಿಡುಬು. ನಮ್ಮ ಓಣಿಯಲ್ಲಿ ಅದಕ್ಕೆ "ಕೋಳಿಗಿ ಅಮ್ಮ ಆಗ್ಯಾಳ" ಎನ್ನುತ್ತಾರೆ.

ನನ್ನ ಅವ್ವ ಹನ್ನೊಂದು ಕೋಳಿ ಸಾಕಿದ್ದಳು. ನಮ್ಮದು ಭೀಮಾ ದಂಡೆಯ ಊರು. ಶಹಾಬಾದ್ ಫರಸಿಯ ಮನೆ, ಬಾಗಿಲ ಪಕ್ಕದಲ್ಲೇ ಫರಸಿ ನಿಲ್ಲಿಸಿ ಮಾಡಿದ ಗೂಡು, ಅದರ ಹಿಂದೆ ಬಚ್ಚಲ ನೀರು ಹೋಗಿ ನಿಲ್ಲುವ ತಗ್ಗು. ಒಂದು ಭಾದ್ರಪದದಲ್ಲಿ ಕೆಂಪು ಹ್ಯಾಟಿಯ ಜುಟ್ಟಿನ ಮೇಲೆ ಸಾಸಿವೆಯಷ್ಟು ಬಿಳಿ ಗುಳ್ಳೆ ಎದ್ದವು. ವಾರ ಕಳೆಯುವುದರೊಳಗೆ ಅವು ಮೆಣಸಿನ ಕಾಳಿನಷ್ಟು ದಪ್ಪವಾಗಿ, ಕಪ್ಪಾಗಿ, ಚಕ್ಕೆಗಟ್ಟಿದವು. ಆಮೇಲೆ ಕಣ್ಣಿನ ರೆಪ್ಪೆಗೂ ಬಂದವು. ಎರಡೂ ಕಣ್ಣು ಮುಚ್ಚಿದ ಆ ಹ್ಯಾಟಿ ಅಂಗಳದಲ್ಲಿ ನಿಂತದ್ದು ಇಂದಿಗೂ ನನ್ನ ಕಣ್ಣ ಮುಂದಿದೆ. ಅವ್ವ "ಬಾ ಬಾ" ಎಂದು ಜೋಳ ಎರಚಿದರೆ ಅದು ದನಿ ಬಂದ ಕಡೆ ಕತ್ತು ತಿರುಗಿಸುತ್ತಿತ್ತು. ಕಾಳು ಬಿದ್ದ ಸಪ್ಪಳ ಕೇಳಿ ಕುಕ್ಕುತ್ತಿತ್ತು. ಕುಕ್ಕಿದ್ದು ಬರೀ ಮಣ್ಣು. ಕಾಳು ಇದ್ದದ್ದು ಒಂದು ಗೇಣು ಆಚೆ. ಅದನ್ನು ಕೊಂದದ್ದು ಗುಳ್ಳೆಯಲ್ಲ, ಹಸಿವು.

"ಮುಟ್ಟಬ್ಯಾಡೋ, ಅಮ್ಮ ಬಂದಾಳ" ಎಂದು ಅವ್ವ ನನ್ನ ಕೈ ತಡೆದಳು. ಗೂಡಿಗೆ ಬೇವಿನ ತಪ್ಪಲ ಸಿಕ್ಕಿಸಿದಳು. ಅರಿಶಿಣ ನೀರು ಚಿಮುಕಿಸಿದಳು. ಊರ ಹೊರಗಿನ ಮರಗಮ್ಮನ ಗುಡಿಗೆ ಮೊಸರನ್ನ ಒಯ್ದಳು. ಹನ್ನೊಂದರಲ್ಲಿ ನಾಲ್ಕು ಉಳಿದವು.

ಅವ್ವಂದಿರೇ, ಅವಳ ಭಕ್ತಿಯನ್ನು ಇಂದು ಹಳಿಯುವ ಮನಸ್ಸು ನನಗಿಲ್ಲ. ಮನುಷ್ಯರಿಗೆ ಮೈಲಿ ಬಂದು ಮನೆಗೆ ಮನೆಯೇ ಮಲಗುತ್ತಿದ್ದ ಕಾಲವನ್ನು ಕಂಡವಳು ಅವಳು. ಅದೇ ರೂಪದ ಗುಳ್ಳೆ ಕೋಳಿಯ ಮೇಲೆ ಕಂಡಾಗ ಅದೇ ದೇವಿ ಎಂದುಕೊಂಡದ್ದು ಸಹಜ. ಆದರೆ ಒಂದು ಮಾತು ಕೇಳುತ್ತೇನೆ. ನಿಮ್ಮಲ್ಲಿ ಐವತ್ತು ದಾಟಿದವರು ತೋಳಿನ ಕುಬಸ ಸ್ವಲ್ಪ ಮೇಲೆ ಸರಿಸಿ ನೋಡಿಕೊಳ್ಳಿರಿ. ಎರಡಾಣೆ ಬಿಲ್ಲೆಯಷ್ಟು ಅಗಲದ, ಸುಕ್ಕುಗಟ್ಟಿದ ಕಲೆ ಕಾಣುತ್ತದೆ. ನೀವು ಕೂಸಾಗಿದ್ದಾಗ ಮನೆ ಬಾಗಿಲಿಗೆ ಬಂದವರು ದೇವಿ ಹಾಕಿದ ಗುರುತು ಅದು. ದೇವಿ ಹಾಕಿಸಿಕೊಂಡಿರೆಂದು ದೇವಿ ಮುನಿಯಲಿಲ್ಲ. 1975ರ ಮೇ ತಿಂಗಳ ನಂತರ ನಮ್ಮ ದೇಶದೊಳಗೆ ಹುಟ್ಟಿದ ಒಂದು ಸಿಡುಬೂ ಇಲ್ಲ. 1980ರಲ್ಲಿ ಇಡೀ ಜಗತ್ತೇ ಆ ಬೇನೆಯಿಂದ ಪಾರಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನಿಮ್ಮ ಸೊಸೆಯ ತೋಳಿನಲ್ಲಿ ಆ ಕಲೆ ಇಲ್ಲ, ಅವಳಿಗೆ ಅದು ಬೇಕಾಗಲೇ ಇಲ್ಲ. ನಿಮ್ಮ ತೋಳಿಗೆ ಆದದ್ದೇ ನಿಮ್ಮ ಕೋಳಿಯ ರೆಕ್ಕೆಗೂ ಆಗಲಿ ಎಂಬುದೇ ನನ್ನ ಬೇಡಿಕೆ.

ಕೋಳಿಯ ಸಿಡುಬು ಬೇರೆ, ಮನುಷ್ಯರ ಸಿಡುಬು ಬೇರೆ. ಎರಡೂ ಒಂದೇ ಬಳಗದ ವೈರಸ್ಸುಗಳಾದರೂ ಕೋಳಿಯದು ಮನುಷ್ಯರಿಗೆ ಅಂಟುವುದಿಲ್ಲ. ಮಕ್ಕಳು ಮುಟ್ಟಿದರೆ ಏನಾದೀತೋ ಎಂಬ ಹೆದರಿಕೆ ಬೇಡ. ಕೋಳಿಯಿಂದ ಕೋಳಿಗೆ ಅದನ್ನು ಒಯ್ಯುವುದರಲ್ಲಿ ಮುಂದಾಳು ಸೊಳ್ಳೆ. ರಾತ್ರಿ ಗೂಡಿನಲ್ಲಿ ಕತ್ತು ಹುದುಗಿಸಿ ಕೂತ ಕೋಳಿಯ ಮೈಗೆ ಪುಕ್ಕದ ಹೊದಿಕೆ ಇರುತ್ತದೆ. ಜುಟ್ಟು, ಗಲ್ಲದ ಕೆಳಗಿನ ಜೋಲು, ಕಣ್ಣಿನ ಸುತ್ತಲಿನ ಚರ್ಮ ಇವಿಷ್ಟೇ ಬರಿದು. ಸೊಳ್ಳೆ ಕೂರುವುದು ಅಲ್ಲಿಯೇ, ಗುಳ್ಳೆ ಏಳುವುದೂ ಅಲ್ಲಿಯೇ. ಬೇನೆಯ ಕೋಳಿಯನ್ನು ಕಚ್ಚಿದ ಸೊಳ್ಳೆಯ ಮೂತಿಗೆ ವೈರಸ್ಸು ಮೆತ್ತಿಕೊಳ್ಳುತ್ತದೆ. ಹಲವು ದಿನಗಳ ತನಕ ಅದು ಕಚ್ಚಿದ ಕೋಳಿಗೆಲ್ಲ ಅಂಟಿಸುತ್ತಾ ಹೋಗುತ್ತದೆ. ಕೋಳಿಗಳು ಒಂದನ್ನೊಂದು ಕುಕ್ಕಿದಾಗ ಆದ ಗಾಯದಿಂದಲೂ ಇದು ಹಬ್ಬುತ್ತದೆ, ಆದರೆ ಆ ಓಣಿಯಿಂದ ಈ ಓಣಿಗೆ ರಾತ್ರೋರಾತ್ರಿ ದಾಟಿಸುವುದು ಸೊಳ್ಳೆಯೇ.

ಇದು ನಿನ್ನೆ ಮೊನ್ನೆ ಕಂಡುಕೊಂಡ ಸಂಗತಿಯಲ್ಲ. 1929ರಲ್ಲೇ ಕ್ಲಿಗ್ಲರ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಸೊಳ್ಳೆಯಿಂದ ಕೋಳಿ ಸಿಡುಬು ಹರಡುತ್ತದೆಂದು ಪ್ರಯೋಗ ಮಾಡಿ ಬರೆದಿಟ್ಟರು. ಅದಕ್ಕೂ ಹಿಂದಿನ ಕಥೆ ನಮ್ಮ ಮಗ್ಗುಲಲ್ಲೇ ನಡೆದದ್ದು. ಕಲಬುರಗಿ ನಿಜಾಮನ ಸೀಮೆಯಾಗಿದ್ದಾಗ, 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡ. ಸೊಳ್ಳೆಯೇ ಅದನ್ನು ಒಂದು ಜೀವದಿಂದ ಇನ್ನೊಂದಕ್ಕೆ ದಾಟಿಸುತ್ತದೆಂದು ಮರುವರ್ಷ ಕಲ್ಕತ್ತೆಯಲ್ಲಿ ತೋರಿಸಿಕೊಟ್ಟದ್ದು ಮನುಷ್ಯರ ಮೇಲಲ್ಲ, ಗುಬ್ಬಿಗಳ ಮೇಲೆ. ಸೊಳ್ಳೆಯ ಗುಟ್ಟನ್ನು ಮನುಷ್ಯನಿಗೆ ಹೇಳಿಕೊಟ್ಟದ್ದೇ ಹಕ್ಕಿ. ಹಕ್ಕಿ ಸಾಕುವ ನಮ್ಮ ಅಂಗಳಕ್ಕೆ ಆ ತಿಳಿವಳಿಕೆ ಇನ್ನೂ ಪೂರ್ತಿ ಬಂದು ಮುಟ್ಟಿಲ್ಲ ಎಂಬುದು ನನ್ನ ಸಂಕಟ.

ಎಮುವಿನ ಕಾಲ ನಿಮಗೆ ನೆನಪಿರಬಹುದು. ಆಳೆತ್ತರದ, ಹಾರಲಾರದ ಆ ಆಸ್ಟ್ರೇಲಿಯಾದ ಹಕ್ಕಿಯನ್ನು ಸಾಕಿದರೆ ಎಣ್ಣೆ, ಚರ್ಮ, ಮಾಂಸ ಎಲ್ಲಕ್ಕೂ ಬಂಗಾರದ ಬೆಲೆ ಎಂದು ಆಂಧ್ರ, ಮಹಾರಾಷ್ಟ್ರ, ತಮಿಳುನಾಡು, ನಮ್ಮ ಕರ್ನಾಟಕದ ರೈತರೆಲ್ಲ ನಂಬಿದ್ದ ಕಾಲ. 2012ರಲ್ಲಿ ತಮಿಳುನಾಡಿನ ಪೆರುಂದುರೈಯಲ್ಲಿ ಎಮು ವ್ಯವಹಾರ ಮುಳುಗಿ ಸಾವಿರಾರು ಜನ ದುಡ್ಡು ಕಳೆದುಕೊಂಡ ಮೇಲೆ ಆ ನಂಬಿಕೆ ಎಲ್ಲ ಕಡೆ ಕುಸಿಯಿತು. ಅದಕ್ಕೆ ಒಂದೆರಡು ವರ್ಷ ಮುಂಚೆ ಒಬ್ಬ ತರುಣ ನನ್ನನ್ನು ತನ್ನ ಹೊಲಕ್ಕೆ ಕರೆದೊಯ್ದಿದ್ದ. ಕಾಲುವೆಯ ಬಸಿ ನೀರು ನಿಲ್ಲುವ ಜಾಗದಲ್ಲಿ ತಂತಿ ಬೇಲಿ, ಒಳಗೆ ಪಟ್ಟೆ ಪಟ್ಟೆಯ ಎಮು ಮರಿಗಳು. ಐದಾರು ಮರಿಗಳ ಕೊಕ್ಕಿನ ಬುಡದಲ್ಲಿ, ಕಣ್ಣಿನ ಸುತ್ತ ಅವೇ ಗುಳ್ಳೆ. "ಸರ್, ಇದು ಫಾರಿನ್ ಬ್ಯಾನಿ ಏನ್ರಿ?" ಎಂದು ಆತ ಕೇಳಿದ. ನನಗೆ ಕಂಡದ್ದು ನಮ್ಮ ಅಂಗಳದ ಕೆಂಪು ಹ್ಯಾಟಿ. ಸಿಡುಬಿನ ಬಳಗ ಎಮು, ಉಷ್ಟ್ರಪಕ್ಷಿ, ಟರ್ಕಿ ಯಾವುದನ್ನೂ ಬಿಡುವುದಿಲ್ಲ. ಹಕ್ಕಿ ಎಷ್ಟು ದುಬಾರಿ ಎಂದು ಸೊಳ್ಳೆ ನೋಡುವುದಿಲ್ಲ.

ಆ ದೊಡ್ಡ ಹಕ್ಕಿಗಳಿಗೆ ಸೊಳ್ಳೆಯಿಂದ ಇದಕ್ಕಿಂತ ಘೋರವಾದ ಕೇಡೂ ಆದದ್ದಿದೆ. ಅಮೆರಿಕದ ಲೂಸಿಯಾನಾದಲ್ಲಿ 1991ರಲ್ಲಿ, ಕುದುರೆಗಳ ಮೆದುಳು ಜ್ವರವೆಂದೇ ಹೆಸರಾಗಿದ್ದ ಈಸ್ಟರ್ನ್ ಇಕ್ವೈನ್ ಎನ್ಸೆಫಲೈಟಿಸ್ ಎಮು ಹಿಂಡಿಗೆ ತಗುಲಿತು. ಅದು ತಗುಲಿದ ಎಮು ರಕ್ತ ಭೇದಿಯಾಗಿ ನೋಡನೋಡುತ್ತ ಸಾಯುತ್ತದೆ. ಆ ವೈರಸ್ಸು ನಮ್ಮ ದೇಶದ್ದಲ್ಲ. ಆದರೆ ಸೊಳ್ಳೆ, ಹಕ್ಕಿ, ನಿಂತ ನೀರು ಈ ಮೂರು ಕೂಡಿದಲ್ಲಿ ಏನಾಗಬಹುದೆಂಬುದನ್ನು ನಾವು ನಮ್ಮ ನೆಲದಲ್ಲೇ ಕಂಡಿದ್ದೇವೆ. ಗದ್ದೆಯ ಬೆಳ್ಳಕ್ಕಿ, ಹಂದಿ, ಅವುಗಳ ನಡುವಿನ ಸೊಳ್ಳೆ ಇವುಗಳ ಮೂಲಕ ಬರುವ ಜಪಾನೀಸ್ ಎನ್ಸೆಫಲೈಟಿಸ್ ಎಂಬ ಮೆದುಳು ಜ್ವರಕ್ಕೆ 2022ರ ಡಿಸೆಂಬರಿನಲ್ಲಿ ಒಂದರಿಂದ ಹದಿನೈದು ವರ್ಷದ ಮಕ್ಕಳಿಗೆ ಲಸಿಕೆ ಹಾಕಿದ ಅಭಿಯಾನದಲ್ಲಿ ನಮ್ಮ ಕಲಬುರಗಿ ಜಿಲ್ಲೆಯೂ ಇತ್ತು. ನಾರಾಯಣಪುರದ ನೀರು ಜೇವರ್ಗಿ ಶಾಖಾ ಕಾಲುವೆಯಲ್ಲಿ ಹರಿದು ಬಂದ ಮೇಲೆ ತೊಗರಿ, ಜೋಳದ ಈ ನೆಲದಲ್ಲೂ ಅಲ್ಲಲ್ಲಿ ನೀರು ನಿಲ್ಲತೊಡಗಿದೆ. ನೀರು ಬಂದದ್ದು ಪುಣ್ಯ, ಅದರಲ್ಲಿ ಎರಡು ಮಾತಿಲ್ಲ. ಕೋಳಿಯ ಸಿಡುಬಿಗೂ ಮಕ್ಕಳ ಮೆದುಳು ಜ್ವರಕ್ಕೂ ನಂಟಿಲ್ಲ ಎಂಬುದನ್ನೂ ಒತ್ತಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಆದರೆ ಎರಡನ್ನೂ ಹೊತ್ತು ತರುವುದು ನಿಂತ ನೀರಿನಲ್ಲಿ ಹುಟ್ಟುವ ಸೊಳ್ಳೆಯೇ.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು. ಈ ಪತ್ರ ಬರೆಯಲು ಅದೇ ಕಾರಣ.

ಒಂದು ಮುಂಜಾನೆ ಮುದುಕಿಯೊಬ್ಬಳು ಸೆರಗಿನಲ್ಲಿ ಒಂದು ಕೋಳಿ ಹುದುಗಿಸಿಕೊಂಡು ನಾನಿದ್ದ ದವಾಖಾನೆಗೆ ನಡೆದು ಬಂದಳು. ಅದರ ಕಣ್ಣು ಮುಚ್ಚಿತ್ತು. "ಇದು ಹೋದರ ಹೋಗಲಿ ಯಪ್ಪಾ, ಮನ್ಯಾಗ ಇನ್ನಾ ಎಂಟು ಅದಾವ, ಅವಕ್ಕ ಸೂಜಿ ಹಾಕು" ಎಂದಳು. ಲಸಿಕೆಯ ಸೀಸೆ ನೂರು, ಇನ್ನೂರು ಕೋಳಿಗಳಿಗೆ ಆಗುವಂಥದ್ದು. ಪುಡಿಯಾಗಿರುವ ಲಸಿಕೆಗೆ ನೀರು ಬೆರೆಸಿದ ಮೇಲೆ ಎರಡು ತಾಸಿನೊಳಗೆ ಹಾಕಿ ಮುಗಿಸಬೇಕು, ಮಿಕ್ಕದ್ದು ಕೆಡುತ್ತದೆ. ಎಂಟು ಕೋಳಿಗಾಗಿ ಒಂದು ಸೀಸೆ ಒಡೆಯಲು ನನಗೆ ಮನಸ್ಸಾಗಲಿಲ್ಲ. "ಸ್ಟಾಕ್ ಬಂದ ಮ್ಯಾಲ ಹೇಳತೀನಿ, ಹೋಗವ್ವ" ಎಂದು ಕಳುಹಿಸಿಬಿಟ್ಟೆ. ಅವಳ ಊರು ಕೇಳಲಿಲ್ಲ, ಹೆಸರು ಬರೆದುಕೊಳ್ಳಲಿಲ್ಲ. ಆ ದಿನ ನಾನು ಕೇಳಬೇಕಿದ್ದ ಪ್ರಶ್ನೆ ಒಂದೇ ಇತ್ತು: "ನಿಮ್ಮ ಓಣ್ಯಾಗ ಒಟ್ಟು ಎಷ್ಟು ಕೋಳಿ ಅದಾವ?" ಅವಳ ಎಂಟು, ಪಕ್ಕದ ಮನೆಯ ಹದಿನೈದು, ಮೇಲಿನ ಓಣಿಯ ಇಪ್ಪತ್ತು ಎಂದು ಕೂಡಿಸಿದ್ದರೆ ನಾನೇ ಐಸ್ ಡಬ್ಬಿ ಎತ್ತಿಕೊಂಡು ಹೋಗಬೇಕಾಗುತ್ತಿತ್ತು. ನಿವೃತ್ತನಾದ ಮೇಲೆ ಬೇರೆ ಯಾವ ಮುಖಕ್ಕಿಂತ ಆ ಮುಖವೇ ನನಗೆ ಹೆಚ್ಚು ನೆನಪಾಗುತ್ತದೆ.

ಸಾವಿರ ಕೋಳಿ ಸಾಕುವ ಫಾರಂನವನು ಸೀಸೆ ಕೊಂಡು ಒಂದೇ ಹೊತ್ತಿನಲ್ಲಿ ಮುಗಿಸುತ್ತಾನೆ. ಎಂಟು ಕೋಳಿಯವಳ ಪಾಲಿಗೆ ಅದೇ ಸೀಸೆ ಇಲ್ಲವಾಗುತ್ತದೆ. ಲಸಿಕೆ ಹೊಸದೇನಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಿಂದ ಇರುವ ಸರ್ಕಾರಿ ಪಶು ಲಸಿಕೆ ಸಂಸ್ಥೆಯಲ್ಲೇ ಅದು ತಯಾರಾಗುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಹಿತ್ತಲಲ್ಲಿ ಸಾಕುವ ಕೋಳಿಗಳೇ ಸುಮಾರು 31.7 ಕೋಟಿ, ಏಳು ವರ್ಷದಲ್ಲಿ ಶೇಕಡಾ 46ರಷ್ಟು ಏರಿಕೆ. ಅವುಗಳನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ನಿಮ್ಮಂಥ ಹೆಣ್ಣುಮಕ್ಕಳು, ನಾಲ್ಕು, ಎಂಟು, ಹನ್ನೆರಡು ಕೋಳಿಯವರು. ಸೀಸೆಯನ್ನು ಸಣ್ಣದು ಮಾಡಿ ಎಂದು ಸರ್ಕಾರವನ್ನು ಕೇಳುವುದು ನನ್ನಂಥವರ ಕೆಲಸ, ಕೇಳುತ್ತಲೇ ಇರುತ್ತೇನೆ. ಅದು ಆಗುವವರೆಗೆ ಸೀಸೆಗೆ ಸಾಲುವಷ್ಟು ಕೋಳಿಯನ್ನು ಒಂದು ಕಡೆ ಸೇರಿಸುವ ಶಕ್ತಿ ಇರುವುದು ನಿಮಗೆ ಮಾತ್ರ.

ನಿಮ್ಮ ಸ್ವಸಹಾಯ ಸಂಘ ವಾರಕ್ಕೊಮ್ಮೆ ಕೂಡುತ್ತದಲ್ಲ, ಮುಂದಿನ ಸಲ ಕೂತಾಗ ಉಳಿತಾಯದ ಪುಸ್ತಕದ ಹಿಂದಿನ ಹಾಳೆಯಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಎಷ್ಟು ಕೋಳಿ, ಎಷ್ಟು ಮರಿ ಎಂದು ಬರೆಸಿರಿ. ನೂರು ದಾಟಿದರೆ ಒಂದು ಸೀಸೆಗೆ ಸಾಕು. ಆ ಹಾಳೆಯನ್ನು ನಿಮ್ಮ ಹತ್ತಿರದ ಪಶು ದವಾಖಾನೆಗೆ ಒಯ್ದು, ಇಂಥ ದಿನ, ಇಂಥ ಓಣಿ ಎಂದು ಗೊತ್ತು ಮಾಡಿಕೊಳ್ಳಿರಿ. ಹೋಗಲಾಗದಿದ್ದರೆ ಪಶುಪಾಲನೆಯ ಸಹಾಯವಾಣಿ 1962ಕ್ಕೆ ಫೋನು ಮಾಡಿಸಿರಿ. ಒಬ್ಬಳೇ ಹೋದರೆ "ಸ್ಟಾಕ್ ಇಲ್ಲ" ಎನ್ನುವವರು, ಹತ್ತು ಜನರ ಸಹಿ ಇರುವ ಹಾಳೆ ಕಂಡರೆ ತರಿಸಿಕೊಡುತ್ತಾರೆ. ಇದು ಅದೇ ಕುರ್ಚಿಯಲ್ಲಿ ಕೂತವನ ಮಾತು.

ಯಾವಾಗ ಎಂದರೆ, ಮಿರಗ ಮಳೆ ಕೂಡುವುದಕ್ಕೆ ಮುಂಚೆ. ಮಳೆ ಬಿದ್ದು ಸೊಳ್ಳೆ ಹೆಚ್ಚುವ ಹೊತ್ತಿಗೆ ಕೋಳಿಯ ಮೈಯಲ್ಲಿ ತಡೆಯುವ ಶಕ್ತಿ ಬಂದಿರಬೇಕು, ಅದಕ್ಕೆ ಎರಡು ವಾರ ಹಿಡಿಯುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಕೋಡಿಗೆ ಬಣ್ಣ ಹಚ್ಚುವ ಮನೆಯಲ್ಲಿ ಅದಕ್ಕೂ ಮೊದಲೇ ಕೋಳಿಯ ರೆಕ್ಕೆಗೆ ಸೂಜಿ ಬಿದ್ದಿರಲಿ. ಆರರಿಂದ ಎಂಟು ವಾರದ ಮರಿಯಿಂದ ಹಾಕಿಸಬಹುದು. ತತ್ತಿ ಇಡುತ್ತಿರುವ, ಕಾವಿಗೆ ಕೂತ ಹ್ಯಾಟಿಯ ವಿಷಯ ವೈದ್ಯರನ್ನು ಕೇಳಿ ಮಾಡಿರಿ.

ಹೊತ್ತು ಏರಿ ಕೋಳಿ ತಿಪ್ಪೆ ಸೇರಿದ ಮೇಲೆ ಅವುಗಳ ಹಿಂದೆ ಓಡಿ ಫಲವಿಲ್ಲ. ಹಿಂದಿನ ರಾತ್ರಿ ಪುಟ್ಟಿ ಮುಚ್ಚಿದ್ದನ್ನು ಬೆಳಿಗ್ಗೆ ಎತ್ತುವ ಮುಂಚೆಯೇ ಲಸಿಕೆಯವರು ಬಂದಿರಬೇಕು. ಒಬ್ಬರು ಕೋಳಿ ಹಿಡಿದು ರೆಕ್ಕೆ ಬಿಡಿಸಿದರೆ, ಒಳಮೈಯಲ್ಲಿ ಮೂಳೆಯೂ ಪುಕ್ಕವೂ ಇಲ್ಲದ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳನೆಯ ಚರ್ಮ ಸಿಗುತ್ತದೆ. ಎರಡು ಮುಳ್ಳಿನ ಸಣ್ಣ ಸೂಜಿಯನ್ನು ಲಸಿಕೆಯಲ್ಲಿ ಅದ್ದಿ ಅಲ್ಲಿ ಚುಚ್ಚುತ್ತಾರೆ. ಕೋಳಿ ಒಮ್ಮೆ ಕೊಸರುತ್ತದೆ, ಅಷ್ಟೇ. ಏಳರಿಂದ ಹತ್ತು ದಿನದ ಮೇಲೆ ಅದೇ ಜಾಗ ಬೆರಳಿನಿಂದ ಸವರಿ ನೋಡಿರಿ. ಕಾಳಿನಷ್ಟು ಗಂಟು ಕೈಗೆ ಸಿಕ್ಕರೆ ಲಸಿಕೆ ಹತ್ತಿದೆ. ಸಿಗದಿದ್ದರೆ ಮತ್ತೆ ಹಾಕಿಸಬೇಕೆಂದು ಕೇಳಿರಿ, ಕೇಳುವುದು ನಿಮ್ಮ ಹಕ್ಕು. ಓಣಿಯಲ್ಲಿ ಒಂದೆರಡು ಕೋಳಿಗೆ ಈಗಾಗಲೇ ಗುಳ್ಳೆ ಎದ್ದಿದ್ದರೂ ಉಳಿದವಕ್ಕೆ ತಡಮಾಡದೆ ಹಾಕಿಸಬಹುದು.

ಇನ್ನು ನೀರು. ಗೂಡಿನ ಹಿಂದೆ ಬಚ್ಚಲ ನೀರು ನಿಂತಿದ್ದರೆ ಗೂಡನ್ನಾದರೂ ಸರಿಸಿರಿ, ನೀರನ್ನಾದರೂ ಹರಿಸಿರಿ. ಟಾಕಿ, ಹರವಿ, ದನಗಳ ಬಾನಿಗಳನ್ನು ವಾರಕ್ಕೊಂದು ದಿನ ಪೂರ್ತಿ ಬರಿದು ಮಾಡಿ ಒಣಗಿಸಿರಿ. ಸೊಳ್ಳೆಯ ತತ್ತಿ ರೆಕ್ಕೆ ಮೂಡಿ ಹಾರಲು ನಮ್ಮ ಸೆಕೆಯಲ್ಲಿ ಎಂಟು ಹತ್ತು ದಿನ ಸಾಕು, ವಾರಕ್ಕೊಮ್ಮೆ ಒಣಗಿದರೆ ಅದು ಬೆಳೆಯಲಾರದು. 2020ರ ಅಕ್ಟೋಬರಿನಂತೆ ಭೀಮೆ ಉಕ್ಕಿ ಇಳಿದ ವರ್ಷ ತಗ್ಗುಗಳಲ್ಲಿ ತಿಂಗಳುಗಟ್ಟಲೆ ನೀರು ಉಳಿಯುತ್ತದೆ, ಕಟ್ಟಿಸಂಗಾವಿ ಕಡೆಯವರಿಗೆ ನಾನು ಹೇಳಬೇಕಿಲ್ಲ. ಅಂಥ ವರ್ಷ ಪುಟ್ಟಿಯ ಮೇಲೆ ಹಳೆಯ ಸೊಳ್ಳೆ ಪರದೆ ಹೊದಿಸಿರಿ, ದಪ್ಪ ಗೋಣಿ ಬೇಡ, ಕೋಳಿ ಉಸಿರುಗಟ್ಟುತ್ತದೆ. ಮುಚ್ಚಂಜೆ ಬೇವಿನ ಹೊಗೆ ಹಾಕುವ ರೂಢಿ ಒಳ್ಳೆಯದೇ, ಗೂಡಿನೊಳಗೆ ಮಾತ್ರ ತುಂಬಬೇಡಿ.

ಬೇನೆ ಬಂದೇ ಬಿಟ್ಟ ಕೋಳಿಯನ್ನು ಬೇರೆ ಪುಟ್ಟಿಗೆ ಹಾಕಿರಿ. ಈ ವೈರಸ್ಸಿಗೆ ಔಷಧ ಇಲ್ಲ, ಅಂಗಡಿಯವರು ಕೊಡುವ ಗುಳಿಗೆಗಳು ಅದನ್ನು ಕೊಲ್ಲುವುದಿಲ್ಲ. ಆದರೆ ಗುಳ್ಳೆ ಬರೀ ಮೈಮೇಲಿದ್ದರೆ ಮೂರು ನಾಲ್ಕು ವಾರದಲ್ಲಿ ತಾನಾಗಿ ಉದುರುತ್ತದೆ. ಅಲ್ಲಿಯವರೆಗೆ ಅದನ್ನು ಹಸಿವಿನಿಂದ ಕಾಯುವುದಷ್ಟೇ ನಮ್ಮ ಕೆಲಸ. ಉಗುರು ಬೆಚ್ಚನೆಯ ಉಪ್ಪು ನೀರಲ್ಲಿ ಅರಳೆ ಅದ್ದಿ ಕಣ್ಣು ಒರೆಸಿರಿ. ಜೋಳದ ನುಚ್ಚು ಮೆತ್ತಗೆ ಬೇಯಿಸಿ ಕೊಕ್ಕಿಗೆ ತಾಗಿಸಿ ತಿನ್ನಿಸಿರಿ, ನೀರು ಕುಡಿಸಿರಿ. ಬೇವು, ಅರಿಶಿಣ ಅರೆದು ಬೆಣ್ಣೆಯಲ್ಲಿ ಕಲಸಿ ಹಚ್ಚುತ್ತೀರಲ್ಲ, ಅದನ್ನು ಬಿಡಬೇಡಿ, ಗಾಯ ಹಸಿಯಾಗುವುದು ತಪ್ಪುತ್ತದೆ. ಬಾಯೊಳಗೆ, ಗಂಟಲಲ್ಲಿ ಹಳದಿ ಪೊರೆ ಕಂಡು ಕೋಳಿ ಬಾಯ್ತೆರೆದು ಉಸಿರೆಳೆಯುತ್ತಿದ್ದರೆ ಅದು ಕಠಿಣ ರೂಪ, ಕೂಡಲೇ ವೈದ್ಯರಿಗೆ ತೋರಿಸಿರಿ. ಹಸಿರು ಬಿಳಿ ಹಿಕ್ಕೆ, ಕತ್ತು ತಿರುಚುವುದು, ಒಂದೇ ರಾತ್ರಿ ಐದಾರು ಸಾವು ಕಂಡರೆ ಅದು ಸಿಡುಬಲ್ಲ, ಕೊಕ್ಕರೆ ರೋಗ ಇರಬಹುದು. ಅದರ ಲಸಿಕೆಯೇ ಬೇರೆ. ಉದುರಿದ ಚಕ್ಕೆಯಲ್ಲಿ ವೈರಸ್ಸು ತಿಂಗಳುಗಟ್ಟಲೆ ಬದುಕಿರುತ್ತದೆ, ಗೂಡು ಗುಡಿಸಿ ಆ ಕಸವನ್ನು ಸುಡಿರಿ. ಸತ್ತದ್ದನ್ನು ತಿಪ್ಪೆಗೆ ಎಸೆಯದೆ ಹೂಳಿರಿ.

ಇನ್ನೊಂದು ಮಾತು, ಕೈ ಮುಗಿದು ಹೇಳುತ್ತೇನೆ. ಗುಳ್ಳೆ ಕಂಡ ಕೋಳಿಯನ್ನು "ಸಾಯೋದರೊಳಗ ನಾಲ್ಕು ರೊಕ್ಕ ಆಗಲಿ" ಎಂದು ಸಂತೆಗೆ ಒಯ್ಯಬೇಡಿ. ನಿಮ್ಮ ಕಷ್ಟ ನನಗೆ ಗೊತ್ತು. ಆದರೆ ಅದನ್ನು ಕೊಂಡು ಒಯ್ಯುವವಳೂ ನಿಮ್ಮಂಥ ಒಬ್ಬಳು, ಅವಳ ಮನೆಯಲ್ಲೂ ಎಂಟು ಕೋಳಿ ಇರುತ್ತವೆ.

ಸಂಘದ ಹಾಳೆಯಲ್ಲಿ ನೂರು ತುಂಬಿ, ದಿನ ಗೊತ್ತಾದರೆ ನನಗೂ ಹೇಳಿ ಕಳುಹಿಸಿರಿ. ಸೂಜಿ ಹಿಡಿಯುವ ಕೆಲಸ ಈಗಿನ ಸಿಬ್ಬಂದಿಯದು, ಕೋಳಿ ಹಿಡಿದು ರೆಕ್ಕೆ ಬಿಡಿಸುವುದು ನನಗೆ ಇನ್ನೂ ಬರುತ್ತದೆ. ಬೆಳಕು ಹರಿಯುವ ಮೊದಲ ಬಸ್ಸಿಗೆ ಬರುತ್ತೇನೆ. ಅಲ್ಲಿಯವರೆಗೆ ಪುಟ್ಟಿ ಎತ್ತಬೇಡಿ.

ಇಂತಿ ನಿಮ್ಮ ವಿಧೇಯ,
ನಿವೃತ್ತ ಜಾನುವಾರು ಅಧಿಕಾರಿ
ಜೇವರ್ಗಿ, ಕಲಬುರಗಿ ಜಿಲ್ಲೆ